ಕಿಟಕಿ ಕಡೆಯವರು, ಬಾಗಿಲ ಕಡೆಯವರು

ದೋಹಾದಲ್ಲಿ ಸಭೆ, ಸಮ್ಮೇಳನಗಳ ಕೆಲಸಕ್ಕೆ ಹೊಸದಾಗಿ ಸೇರಿದ ನಮ್ಮ ಕಡೆಯ ಹುಡುಗ ಹುಡುಗಿಯರು ಆಗಾಗ ಬಿನ್ ಒಮ್ರಾನ್‌ನ ನಮ್ಮ ಫ್ಲ್ಯಾಟಿಗೆ ಬರುತ್ತಾರೆ. ಚಪ್ಪಲಿ ಬಿಡುವ ಮೊದಲೇ ಅವರು ಕೇಳುವುದು ಒಂದೇ ಪ್ರಶ್ನೆ: "ಆಂಟಿ, ನೀವು ದೇಶ ದೇಶಗಳ ಮಧ್ಯೆ ರಾಜಿ ಮಾಡಿಸ್ತಿದ್ರಂತೆ, ಹೌದಾ?" ರಾಜಿಯೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ರಾಜಿ ಮಾಡಿಸುವವರು ಬೇರೆ ಇದ್ದರು. ಅವರು ಕೂರುವ ಕೋಣೆಯನ್ನು ನಾನು ನೋಡಿಕೊಳ್ಳುತ್ತಿದ್ದೆ. ಯಾರು ಎಲ್ಲಿ ಕೂರಬೇಕು, ಯಾವ ಬಾಗಿಲಿಂದ ಒಳಗೆ ಬರಬೇಕು, ಯಾವಾಗ ಕಾಫಿ ಬರಬೇಕು, ಯಾರು ಸಿಟ್ಟಿನಿಂದ ಎದ್ದು ಹೋದರೆ ಯಾವ ಲಿಫ್ಟ್ ಖಾಲಿ ಇರಬೇಕು, ಇವೆಲ್ಲ ನನ್ನ ಕೆಲಸ. ಅದಕ್ಕೊಂದು ಉದ್ದನೆಯ ಹುದ್ದೆಯ ಹೆಸರಿತ್ತು, ಅದು ಕಾಲಕಾಲಕ್ಕೆ ಇನ್ನಷ್ಟು ಉದ್ದವಾಗುತ್ತಲೂ ಇತ್ತು. ಆ ಕಥೆ ಬಿಡಿ. ಬೇರೆಯವರ ಪ್ರಮೋಷನ್ ಕಥೆ ಕೇಳಿ ಉದ್ಧಾರವಾದವರನ್ನು ನಾನಂತೂ ನೋಡಿಲ್ಲ.

ಮೈಸೂರಿನ ಕೃಷ್ಣಮೂರ್ತಿಪುರದಲ್ಲಿ ಟೈಪಿಂಗ್, ಶಾರ್ಟ್‌ಹ್ಯಾಂಡ್ ಕಲಿತು, ಮದುವೆಯಾಗಿ, ನಮ್ಮನೆಯವರ ಹಿಂದೆ ಕತಾರಿಗೆ ಬಂದವಳು ನಾನು. ಆಗ ಅಲ್ ಮುಂತಜಾದ ಒಂದು ಹಳೇ ಕಟ್ಟಡದಲ್ಲಿ ಮನೆ. ನಮ್ಮನೆಯವರು ಆಫೀಸಿಗೆ ಹೋದ ಮೇಲೆ ಗೋಡೆ ನೋಡಿ ನೋಡಿ ಸಾಕಾಗಿತ್ತು. ಒಂದು ಸಭೆಗೆ ಟೈಪಿಸ್ಟ್ ಬೇಕೆಂದು ಪರಿಚಯದವರು ಕರೆದರು. ಮೂರು ದಿನದ ಕೆಲಸವೆಂದು ಹೋದವಳು ತಲೆ ಬೆಳ್ಳಗಾಗುವವರೆಗೆ ಅಲ್ಲೇ ಇದ್ದೆ.

ಹೊಸಬರಿಗೆ ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ದೊಡ್ಡ ದೊಡ್ಡ ಮಾತುಗಳಿಂದ ಸಭೆ ಮುರಿಯುವುದು ಕಡಿಮೆ. ಮುರಿಯುವುದು ದಿಂಬಿನಿಂದ. ಒಂದು ಸಲ ಒಂದು ನಿಯೋಗದ ಮುಖ್ಯಸ್ಥರಿಗೆ ವಿಪರೀತ ಬೆನ್ನುನೋವು. ಪಾಪ ಎಂದು ನಾನೇ ಕುರ್ಚಿಗೊಂದು ದಿಂಬು ಹಾಕಿಸಿದೆ. ಎದುರಿನವರು ಬಂದು ನೋಡುತ್ತಾರೆ, ಈ ಮಹಾನುಭಾವ ತಮ್ಮ ಮುಖ್ಯಸ್ಥರಿಗಿಂತ ಎರಡು ಬೆರಳು ಎತ್ತರದಲ್ಲಿ ಕೂತಿದ್ದಾರೆ! ಅಲ್ಲಿಗೆ ಮಾತುಕತೆ ಬಂದ್. ಅವರಿಗೂ ಒಂದು ದಿಂಬು ಕೊಟ್ಟೆವು. ಇವರು ಇನ್ನೊಂದು ಕೇಳಿದರು. ಊಟದ ಹೊತ್ತಿಗೆ ಇಬ್ಬರ ಕಾಲೂ ನೆಲಕ್ಕೆ ತಾಗುತ್ತಿರಲಿಲ್ಲ. ಕೊನೆಗೆ ಬೆನ್ನುನೋವಿನವರೇ ತಡೆಯಲಾರದೆ ದಿಂಬುಗಳನ್ನೆಲ್ಲ ಎಳೆದು ಕೆಳಗೆ ಹಾಕಿದರು. ಎದುರಿನವರೂ ಹಾಕಿದರು. ಆಮೇಲೆ ನೀರು ಹಂಚಿಕೊಳ್ಳುವ ಮಾತು ಶುರುವಾಯಿತು.

ಆ ನೀರಿನದೂ ಒಂದು ಕಥೆಯೇ. ಎರಡು ದೇಶಗಳ ನಡುವೆ ಹರಿಯುವ ಹೊಳೆಗೆ ಎರಡು ಹೆಸರು. ಒಬ್ಬರ ಹೆಸರು ಹೇಳಿದರೆ ಇನ್ನೊಬ್ಬರು ಎದ್ದು ನಿಲ್ಲುತ್ತಿದ್ದರು. ಅದಕ್ಕೇ ನಮ್ಮ ಕಾಗದಗಳಲ್ಲಿ ಅದು ಬರೀ 'ನೀರು'. ಆ ಅಭ್ಯಾಸ ನನಗೆ ಎಷ್ಟು ಅಂಟಿತ್ತೆಂದರೆ, ರಜೆಗೆ ಊರಿಗೆ ಹೋದಾಗ ಕಾರು ಶ್ರೀರಂಗಪಟ್ಟಣದ ಸೇತುವೆ ದಾಟುವಾಗಲೂ ಕಾವೇರಿ ಎನ್ನಲು ಒಂದು ಕ್ಷಣ ಹಿಂದೆ ಮುಂದೆ ನೋಡಿದ್ದೆ. ನಮ್ಮನೆಯವರು ನಕ್ಕಿದ್ದೇ ನಕ್ಕಿದ್ದು. "ಹೆದರ್ಬೇಡ ಕಣೇ, ಹೇಳು. ಇಲ್ಲಿ ಯಾರೂ ಎದ್ದು ಹೋಗಲ್ಲ," ಎಂದಿದ್ದರು.

ಆ ದಿನಗಳಲ್ಲಿ ಗಡಿ ಎಂದರೆ ಕಾಗದದ ನಕ್ಷೆಯ ಮೇಲೆ ಪೆನ್ಸಿಲ್ ಗೀಟು. ಬೆಳಿಗ್ಗೆ ಎಳೆಯುವುದು, ಮಧ್ಯಾಹ್ನ ಅಳಿಸುವುದು. ಸಂಜೆ ನಾನು ಮೇಜಿನ ಮೇಲಿನ ರಬ್ಬರಿನ ಪುಡಿಯನ್ನು ಅಂಗೈಯಿಂದ ಗುಡಿಸಿ ತೆಗೆಯುತ್ತಿದ್ದೆ. ಪುಡಿ ಜಾಸ್ತಿ ಇದ್ದರೆ ನನಗೆ ಸಂತೋಷ. ಅವತ್ತು ಅವರು ಹಟ ಬಿಟ್ಟು ಅತ್ತಿತ್ತ ಜರುಗಿದ್ದಾರೆ ಎಂದು ಅರ್ಥ. ಮುಂದೆ ಕಂಪ್ಯೂಟರ್ ಬಂತು, ಗೋಡೆಯಷ್ಟು ಅಗಲದ ಪರದೆ ಬಂತು. ದೊಡ್ಡದು ಮಾಡುತ್ತಾ ಹೋದರೆ ಮನೆಯ ಮಾಡು, ಕುರಿಯ ದೊಡ್ಡಿ, ಬಾವಿಯ ಕಟ್ಟೆ ಎಲ್ಲವೂ ಕಾಣುತ್ತಿತ್ತು. ಅಷ್ಟೆಲ್ಲ ಕಂಡರೆ ಜನ ಮೆತ್ತಗಾಗುತ್ತಾರೆ ಎಂದು ನಾನು ತಿಳಿದಿದ್ದೆ. ಆಗಲಿಲ್ಲ. ಆ ಬಾವಿಯೂ ನಮಗೇ ಬೇಕು, ಈ ದೊಡ್ಡಿಯೂ ನಮಗೇ ಬೇಕು ಎಂದು ಜಗಳ ಇನ್ನಷ್ಟು ಸಣ್ಣದಕ್ಕೆ ಇಳಿಯಿತು.

ಈಗ ನಾನು ಬರೆಯಲೇಬೇಕೆಂದು ಕೂತಿರುವ ವಿಷಯಕ್ಕೆ ಬರುತ್ತೇನೆ. ಅದು ನನ್ನ ಕೊನೆಯ ದೊಡ್ಡ ಮಾತುಕತೆ. ಎರಡು ನೆರೆಯ ದೇಶಗಳು, ಮಧ್ಯದಲ್ಲಿ ಒಂದು ಕಣಿವೆ. ಹೆಸರು ಹೇಳುವ ಹಾಗಿಲ್ಲ. ಸೇರುವಾಗ ಗುಟ್ಟು ಕಾಯುತ್ತೇನೆಂದು ಹಾಕಿದ ಸಹಿ ನಿವೃತ್ತಿಯಾದರೂ ಬಿಡುವುದಿಲ್ಲ. ನಾವು ಕೆಲಸದವರು ನಮ್ಮನಮ್ಮಲ್ಲಿ ಕೂಡ ದೇಶಗಳ ಹೆಸರೆತ್ತುತ್ತಿರಲಿಲ್ಲ. ಕಿಟಕಿಗೆ ಬೆನ್ನು ಹಾಕಿ ಕೂರುವವರು 'ಕಿಟಕಿ ಕಡೆಯವರು', ಅವರೆದುರು ಕೂರುವವರು 'ಬಾಗಿಲ ಕಡೆಯವರು'. ಇಬ್ಬರೂ ಅರಬ್ಬಿ ಮಾತಾಡುವವರೇ, ಒಂದೇ ಥರ ಉಣ್ಣುವವರೇ, ಒಬ್ಬರ ಮನೆಯ ಹೆಣ್ಣನ್ನು ಇನ್ನೊಬ್ಬರು ತಂದವರೇ. ಆ ಕಣಿವೆಯೊಂದಕ್ಕಾಗಿ ಎಷ್ಟೋ ವರ್ಷ ಗುಂಡು ಹಾರಿಸಿಕೊಂಡಿದ್ದರು.

ಮಧ್ಯಸ್ಥಿಕೆ ವಹಿಸಿದ್ದವರು ಬೂ ಸಾಲೆಂ. ಇಲ್ಲಿನ ಹಿರಿಯ ರಾಜತಾಂತ್ರಿಕರು. ನಿಧಾನದ ಮನುಷ್ಯ, ಸಿಟ್ಟು ಬಂದರೆ ಇನ್ನೂ ನಿಧಾನ. ಅವರನ್ನು ಎಲ್ಲರೂ ದೊಡ್ಡ ಮಗನ ಹೆಸರಿಂದ 'ಸಾಲೆಮನ ಅಪ್ಪ' ಎಂದೇ ಕರೆಯುತ್ತಿದ್ದರು, ಅದು ಇಲ್ಲಿಯ ಮರ್ಯಾದೆ. ಕೋಣೆಯ ವ್ಯವಸ್ಥೆಗೆಲ್ಲ ನನ್ನ ಮೇಲಧಿಕಾರಿ ಹೆನ್ರಿಕ್ ಎಂಬ ಯುರೋಪಿನವರು. ಒಳ್ಳೆಯವರೇ, ಸುಳ್ಳು ಹೇಳಬಾರದು. ಆದರೆ ಮೇಜಿನ ಮೇಲೆ ಒಂದು ಪೆನ್ನು ಓರೆಯಾಗಿದ್ದರೂ ಅವರಿಗೆ ಊಟ ಸೇರುತ್ತಿರಲಿಲ್ಲ. ಅವರ ಒಂದು ಕಟ್ಟುನಿಟ್ಟಿನ ನಿಯಮವೇನೆಂದರೆ, ಯಾವ ಅತಿಥಿಯ ಮುಂದೆಯೂ ಆರಿದ ಕಾಫಿ ಇರಕೂಡದು. ಕಂಡ ಕೂಡಲೇ ಎತ್ತಬೇಕು, ಬಿಸಿಯದು ಇಡಬೇಕು.

ಎತ್ತುವ, ಇಡುವ ಕೆಲಸ ಸುಧಾಕರ ಪೂಜಾರಿಯದು. ಪಡುಬಿದ್ರಿ ಕಡೆಯ ತುಳು ಮನುಷ್ಯ. ಪ್ಯಾಂಟ್ರಿ ಅವನ ರಾಜ್ಯ. ಇಲ್ಲಿಯ ಗಹ್ವಾ, ಅಂದರೆ ಏಲಕ್ಕಿ ಹಾಕಿದ ತಿಳಿಯಾದ ಕಾಫಿ, ಅದನ್ನು ಎಡಗೈಯ ಹೂಜಿಯಿಂದ ಬಗ್ಗಿಸಿ, ಬಲಗೈಯಿಂದ ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ ಕೊಡುವುದನ್ನು ಇಲ್ಲಿಯವರೇ ಮೆಚ್ಚುವ ಹಾಗೆ ಕಲಿತಿದ್ದ. ಸಾಕು ಎನ್ನುವವರು ಬಟ್ಟಲನ್ನು ಅಲ್ಲಾಡಿಸಬೇಕು, ಅಲ್ಲಿಯವರೆಗೆ ಬಗ್ಗಿಸುತ್ತಲೇ ಇರಬೇಕು. ಇದು ನಮ್ಮಿಬ್ಬರಿಗೂ ಗೊತ್ತಿತ್ತು. ಕಾಫಿಯ ವಿಷಯದಲ್ಲಿ ಇನ್ನು ತಿಳಿಯುವುದು ಏನಿದೆ ಎಂಬ ಸೊಕ್ಕೂ ಇತ್ತು.

ಕಿಟಕಿ ಕಡೆಯವರ ಜೊತೆ ಹಾಜಿ ಇದ್ರೀಸ್ ಎಂಬ ಮುದುಕರೊಬ್ಬರು ಬಂದಿದ್ದರು. ಅವರು ಅಧಿಕಾರಿಯಲ್ಲ. ಆ ಕಣಿವೆಯ ಅಂಚಿನ ಹಳ್ಳಿಯ ಹಿರಿಯರು. ಹಳೆಯ ಗಡಿಗಲ್ಲುಗಳು ಎಲ್ಲೆಲ್ಲಿದ್ದವೆಂದು ಸಾಕ್ಷಿ ಹೇಳಲು ಅವರನ್ನು ಕರೆತಂದಿದ್ದರು. ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ, ಪಕ್ಕದಲ್ಲೊಂದು ಸಣ್ಣ ಸ್ಟೂಲು, ಅಷ್ಟೇ ಅವರ ಜಾಗ. ಕೇಳಿದಾಗ ಮಾತ್ರ ಬಾಯಿ ಬಿಡಬೇಕೆಂದು ಅವರ ನಿಯೋಗದ ಮುಖ್ಯಸ್ಥರು ಹೇಳಿಟ್ಟಿದ್ದರು.

ಒಂದು ದಿನ ಬಿಡುವಿನಲ್ಲಿ ಎಲ್ಲರೂ ಫೋನ್ ಹಿಡಿದು ಹೊರಗೆ ಓಡಿದರು. ಹಾಜಿ ಒಬ್ಬರೇ ಕಿಟಕಿಯ ಹತ್ತಿರ ನಿಂತಿದ್ದರು. ನೀರು ಕೊಡಲು ಹೋದೆ. ನನ್ನ ಅರಬ್ಬಿ ಪ್ಯಾಂಟ್ರಿ ಅರಬ್ಬಿ, ಆದರೂ ಮಾತು ನಡೆಯುತ್ತದೆ.

"ನಿನ್ನ ಊರು ಎಷ್ಟು ದೂರ ಮಗಳೇ?" ಎಂದರು.

"ವಿಮಾನದಲ್ಲಿ ನಾಲ್ಕು ಗಂಟೆ. ಅಲ್ಲಿಂದ ರೈಲು," ಎಂದೆ.

"ಯಾವಾಗ ಬೇಕಾದರೂ ಹೋಗಬಹುದಾ?"

"ರಜೆ ಸಿಕ್ಕಿದರೆ. ರಜೆಯೇ ಸಿಗುವುದಿಲ್ಲ," ಎಂದು ರೂಢಿಯಂತೆ ಗೊಣಗಿದೆ.

ಮುದುಕರು ನಕ್ಕರು. "ನನ್ನ ಹೆಂಡತಿ ಇರುವ ಜಾಗ ನನ್ನ ಮನೆಯ ಬಾಗಿಲಿಗೆ ಕಾಣುತ್ತದೆ. ಎದುರಿನ ಗುಡ್ಡ. ಅಲ್ಲಿ ನಮ್ಮ ಊರಿನ ಗೋರಿಗಳೆಲ್ಲ ಇವೆ. ಅವಳನ್ನು ಮಣ್ಣು ಮಾಡಿದ ಮರುವರ್ಷ ಸೈನಿಕರು ಬಂದು ತಂತಿ ಹಾಕಿದರು. ಆಮೇಲೆ ಹೋಗಿಲ್ಲ. ದಿನಾ ಬೆಳಿಗ್ಗೆ ಎದ್ದು ಆ ಕಡೆ ನೋಡುತ್ತೇನೆ. ಅವಳಿಗೆ ನಾನು ಕಾಣುತ್ತೇನೋ ಇಲ್ಲವೋ."

ನೀರಿನ ಲೋಟವನ್ನು ಅವರ ಕೈಗೆ ಕೊಟ್ಟೆ.

ಆಮೇಲೆ ದುಭಾಷಿ ಹನಾನ್ ನನಗೆ ಪೂರ್ತಿ ವಿಷಯ ಬಿಡಿಸಿ ಹೇಳಿದಳು. ಯುರೋಪಿನಿಂದ ಬಂದ ವಕೀಲರಿಗಾಗಿ ಅರಬ್ಬಿಯನ್ನು ಇಂಗ್ಲಿಷಿಗೆ ಮಾಡುತ್ತಿದ್ದವಳು ಅವಳು. ನನಗಿಂತ ಎಷ್ಟೋ ಚಿಕ್ಕವಳು, ಮಸಾಲೆ ದೋಸೆ ಎಂದರೆ ಪ್ರಾಣ. ಒಪ್ಪಂದದ ಗೀಟು ಹೆಚ್ಚುಕಡಿಮೆ ತೀರ್ಮಾನವಾಗಿತ್ತು. ಬಾವಿಗಳೆಲ್ಲ ಕಿಟಕಿ ಕಡೆಯವರಿಗೆ, ಗುಡ್ಡ ಬಾಗಿಲ ಕಡೆಯವರಿಗೆ. ಹಾಜಿಯ ಹಳ್ಳಿ ಈಚೆ ಉಳಿಯುತ್ತದೆ, ಅವರ ಹೆಂಡತಿಯ ಗೋರಿ ಆಚೆ ಹೋಗುತ್ತದೆ.

"ಹಾಗಾದರೆ ಗೋರಿ ನೋಡೋಕೆ ಬಿಡಿ ಅಂತ ಒಂದು ಮಾತು ಕೇಳಬಹುದಲ್ವಾ?" ಎಂದೆ.

"ಕೇಳೋ ಹಾಗಿಲ್ಲ ಪದ್ಮಿನಿ. ಬಿಡಿ ಅಂತ ಕೇಳಿದ ಕೂಡಲೇ ಗುಡ್ಡ ಅವರದ್ದು ಅಂತ ಒಪ್ಪಿಕೊಂಡ ಹಾಗೆ. ಸಹಿ ಬೀಳೋವರೆಗೂ ಕಿಟಕಿ ಕಡೆಯವರು ಅದನ್ನು ಬಾಯಲ್ಲಿ ಹೇಳೋದಿಲ್ಲ. ಸಹಿ ಬಿದ್ದ ಮೇಲೆ ಕೇಳಿ ಪ್ರಯೋಜನವಿಲ್ಲ," ಎಂದಳು.

ನೋಡಿ, ಹೇಗಿದೆ ಸಿಕ್ಕು! ಆದರೆ ನಮ್ಮ ಕೆಲಸದವರಿಗೆ ಕಿವಿ ಇರಬಾರದು, ಇದ್ದರೂ ಅದಕ್ಕೆ ಬಾಯಿಯ ದಾರಿ ಗೊತ್ತಿರಬಾರದು. ನಾನು ಯಾರ ಹತ್ತಿರವೂ ಚಕಾರ ಎತ್ತಲಿಲ್ಲ.

ಅದೇ ವಾರ ಹಾಜಿ ಕಾಫಿ ಕುಡಿಯುವುದನ್ನು ಬಿಟ್ಟರು. ಆ ವಾರ ಎರಡೂ ಕಡೆಯವರು ಬೇರೆ ಬೇರೆ ಕೋಣೆಯಲ್ಲಿ ಕೂರುತ್ತಿದ್ದರು. ಬೂ ಸಾಲೆಂ ಕಿಟಕಿ ಕಡೆಯವರ ಕೋಣೆಗೆ ಬಂದು ಕೂತ ಕೂಡಲೇ ಎಲ್ಲರಿಗೂ ಕಾಫಿ ಬರುವುದು ಪದ್ಧತಿ. ಹಾಜಿ ಬಟ್ಟಲು ತೆಗೆದುಕೊಳ್ಳುತ್ತಾರೆ, ತುಟಿಗೆ ತಾಗಿಸದೆ ಪಕ್ಕದ ಸ್ಟೂಲಿನ ಮೇಲೆ ಇಟ್ಟು ಬೂ ಸಾಲೆಂ ಮುಖವನ್ನೇ ನೋಡುತ್ತಾ ಕೂರುತ್ತಾರೆ. ಮುಂದಿನ ಸಾಲಿನವರ ಬೆನ್ನು ಅಡ್ಡವಾಗಿ ಬೂ ಸಾಲೆಮರಿಗೆ ಅದು ಕಾಣುವುದಿಲ್ಲ. ನಮ್ಮ ಸುಧಾಕರನಿಗೆ ಚೆನ್ನಾಗಿ ಕಾಣುತ್ತದೆ. ಹೆನ್ರಿಕ್ ನಿಯಮ ಬೇರೆ. ಓಡಿಹೋಗಿ ಆ ಬಟ್ಟಲು ಎತ್ತಿ, ಬಿಸಿಯದು ಇಡುತ್ತಾನೆ. ಹಾಜಿ ಅದನ್ನೂ ಕೆಳಗಿಡುತ್ತಾರೆ. ಅವನು ಅದನ್ನೂ ಎತ್ತುತ್ತಾನೆ.

"ಎಂತ ಅವಸ್ಥೆ ಮಾರಾಯ್ರೆ ಇದು," ಎಂದು ಪ್ಯಾಂಟ್ರಿಗೆ ಬಂದು ಬೆವರು ಒರೆಸಿಕೊಂಡ. "ಅಕ್ಕ, ಆ ಅಜ್ಜನಿಗೆ ನನ್ನ ಗಹ್ವಾ ಹಿಡಿಸುದಿಲ್ಲ. ಇಷ್ಟು ವರ್ಷದಲ್ಲಿ ಒಬ್ಬರೂ ಹೀಗೆ ಮಾಡಿದ್ದಿಲ್ಲ."

"ಏಲಕ್ಕಿ ಜಾಸ್ತಿಯಾಗಿರಬೇಕು ಕಣಪ್ಪ, ವಯಸ್ಸಾದವರಿಗೆ ಎದೆ ಉರಿಯುತ್ತೆ," ಎಂದೆ ನಾನು ದೊಡ್ಡ ಪಂಡಿತೆಯ ಹಾಗೆ.

ಏಲಕ್ಕಿ ಕಡಿಮೆ ಮಾಡಿದ. ಕುಡಿಯಲಿಲ್ಲ. ಕೇಸರಿ ಹಾಕಿದ. ಕುಡಿಯಲಿಲ್ಲ. ಅಲ್ ಮನ್ಸೂರಾಕ್ಕೆ ಹೋಗಿ ಹೊಸದಾಗಿ ಹುರಿದ ಬೀಜ ತಂದ. ಊಹೂಂ. ಸುದ್ದಿ ಹೆನ್ರಿಕ್‌ವರೆಗೆ ಹೋಯಿತು. ಅವರು ಗಂಭೀರವಾಗಿ ಯೋಚಿಸಿ, ಹಿರಿಯರಿಗೆ ಕ್ಯಾಪುಚಿನೊ ಕೊಟ್ಟು ನೋಡಿ ಎಂದರು. ನೊರೆ ಎದ್ದ ಆ ದೊಡ್ಡ ಕಪ್ಪನ್ನು ಕಂಡು ಹಾಜಿ ಮಾಡಿದ ಮುಖ ನೆನಸಿಕೊಂಡರೆ ನನಗೆ ಈಗಲೂ ನಗು ತಡೆಯುವುದಿಲ್ಲ. ಸಕ್ಕರೆ ಕಾಯಿಲೆ ಇರಬಹುದೆಂದು ನಾನು ಡಾಕ್ಟರನ್ನೂ ಕರೆಸಿದೆ. ಡಾಕ್ಟರು ನಾಡಿ ನೋಡಿ, ಈ ಮನುಷ್ಯ ನಮ್ಮೆಲ್ಲರಿಗಿಂತ ಗಟ್ಟಿಯಾಗಿದ್ದಾರೆ ಎಂದು ಹೇಳಿ ಹೋದರು. ಒಬ್ಬ ಮುದುಕರ ಬಟ್ಟಲು ಆರದಂತೆ ಇಡೀ ತಂಡ ಟೊಂಕ ಕಟ್ಟಿ ನಿಂತಿತ್ತು.

ಕೊನೆಯ ದಿನ ಬಂತು. ದೊಡ್ಡ ಹಾಲ್‌ನಲ್ಲಿ ಎರಡೂ ಕಡೆಯವರು ಎದುರುಬದುರು. ಬಾಗಿಲ ಕಡೆಯವರಿಗೆ ಮುಖ್ಯಸ್ಥರು ಒಬ್ಬ ಜನರಲ್, ದಪ್ಪ ಹುಬ್ಬಿನ, ಮಾತು ಕಡಿಮೆಯ ಮನುಷ್ಯ. ಮೇಜಿನ ನಡುವೆ ಕಾಗದದ ನಕ್ಷೆ ಹರಡಿತ್ತು. ಇಂಥ ದಿನ ಪರದೆ ಬೇಡ, ಕಾಗದವೇ ಇರಲಿ ಎಂದು ಬೂ ಸಾಲೆಂ ಹೇಳಿದ್ದರು. ಸುಧಾಕರ ಎಲ್ಲರಿಗೂ ಕಾಫಿ ಕೊಟ್ಟ. ಇನ್ನೇನು ಕೊನೆಯ ಕರಡು ಓದಬೇಕು, ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಕುರ್ಚಿ ಸದ್ದಾಯಿತು.

ಹಾಜಿ ಎದ್ದು ಬಂದರು. ತುಂಬಿದ ಬಟ್ಟಲನ್ನು ಎರಡು ಬೆರಳಲ್ಲಿ ಹಿಡಿದು, ತಮ್ಮ ಮುಖ್ಯಸ್ಥರ ಹೆಗಲ ಮೇಲಿಂದ ಬಗ್ಗಿ, ಅದನ್ನು ಬೂ ಸಾಲೆಂ ಎದುರಿಗೆ ನಕ್ಷೆಯ ಮೇಲೆಯೇ ಇಟ್ಟರು. ಇಟ್ಟು, ಕೈಕಟ್ಟಿ ನಿಂತರು.

ನಕ್ಷೆಯ ಮೇಲೆ ಕಾಫಿ! ಹೆನ್ರಿಕ್ ಕಣ್ಣಲ್ಲೇ ಸನ್ನೆ ಮಾಡಿದರು. ಸುಧಾಕರ ಚಂಗನೆ ಮುಂದೆ ಹೋಗಿ ಬಟ್ಟಲಿಗೆ ಕೈ ಹಾಕಿದ. ಬೂ ಸಾಲೆಂ ಅವನ ಮಣಿಕಟ್ಟು ಹಿಡಿದುಕೊಂಡರು.

"ಖಲ್ಲಿ," ಎಂದರು. ಬಿಡು, ಹಾಗೇ ಇರಲಿ.

ಎರಡೂ ಕಡೆಯ ಮುಖಗಳು ಬದಲಾದದ್ದು ನೋಡಿದೆ. ಅಲ್ಲಿ ಏನಾಯಿತೆಂದು ತಿಳಿಯದೆ ಇದ್ದವರು ಹೆನ್ರಿಕ್, ಸುಧಾಕರ, ಯುರೋಪಿನ ವಕೀಲರು ಮತ್ತು ನಾನು. ಹನಾನ್ ನನ್ನ ಕಿವಿಯಲ್ಲಿ ಅವಸರದಿಂದ ಹೇಳಿದಳು: ಮರಳುಗಾಡಿನ ಜನರಲ್ಲಿ ಇದು ಹಳೆಯ ವಾಡಿಕೆ. ಅತಿಥಿ ಕಾಫಿ ಕುಡಿಯದೆ ಮನೆಯ ಯಜಮಾನನ ಮುಂದೆ ಇಟ್ಟರೆ, ಅವನಿಗೊಂದು ಕೋರಿಕೆ ಇದೆ ಎಂದು ಅರ್ಥ. ಯಜಮಾನ ಕೇಳಲೇಬೇಕು. ನಡೆಸಿಕೊಡುತ್ತೇನೆ ಎಂದರೆ ಅತಿಥಿ ಕುಡಿಯುತ್ತಾನೆ. ಅತಿಥಿಯ ಕಾಫಿ ಕುಡಿಯದೆ ಉಳಿದರೆ ಆ ಮನೆಗೇ ಅವಮಾನ.

ಅಯ್ಯೋ ದೇವರೇ! ಆ ಜೀವ ವಾರವಿಡೀ ಬೇಡಿದ್ದನ್ನು ನಾವು ವಾರವಿಡೀ ಟ್ರೇಯಲ್ಲಿ ಹೊತ್ತುಕೊಂಡು ಹೋಗಿ ಸಿಂಕಿಗೆ ಚೆಲ್ಲಿದ್ದೆವು.

ಬೂ ಸಾಲೆಂ ಕೇಳಿದರು: "ನಿಮ್ಮ ಕೋರಿಕೆ ಏನು ಹಾಜಿ? ಹೇಳಿ, ಕಾಫಿ ಕುಡಿಯಿರಿ."

"ಗೀಟು ಎಲ್ಲಿಂದಾದರೂ ಹೋಗಲಿ. ನನಗೆ ನನ್ನ ಹೆಂಡತಿಯ ಗೋರಿಗೆ ಹೋಗಬೇಕು," ಎಂದರು ಹಾಜಿ. ಬೇರೆ ಒಂದು ಮಾತೂ ಸೇರಿಸಲಿಲ್ಲ.

ಕಿಟಕಿ ಕಡೆಯ ಮುಖ್ಯಸ್ಥರು ಮುಖ ಕೆಂಪಗೆ ಮಾಡಿಕೊಂಡು ಎದ್ದರು. "ಇದು ನಮ್ಮ ನಿಯೋಗದ ಮಾತಲ್ಲ! ದಾಖಲೆಯಲ್ಲಿ ಸೇರಿಸಬೇಡಿ!"

"ದಾಖಲೆಗಲ್ಲ. ನನ್ನ ಮನೆಗೆ ಬಂದವರು ನನ್ನನ್ನು ಕೇಳಿದ್ದಾರೆ. ಕೂತುಕೊಳ್ಳಿ," ಎಂದರು ಬೂ ಸಾಲೆಂ. ಅವರು ಕೂತರು. ಕೂರದೆ ಏನು ಮಾಡುತ್ತಾರೆ?

ಆದರೆ ಆ ಗುಡ್ಡ ಬೂ ಸಾಲೆಮರದ್ದಲ್ಲವಲ್ಲ! ಕೊಡುತ್ತೇನೆ ಎನ್ನಲು ಅವರ ಕೈಯಲ್ಲಿ ಏನಿದೆ? ಸ್ವಲ್ಪ ಹೊತ್ತು ಬಟ್ಟಲನ್ನೇ ನೋಡಿದರು. ಆಮೇಲೆ ತಮ್ಮ ಬಟ್ಟಲನ್ನು ತೆಗೆದುಕೊಂಡು, ಅವರೂ ಒಂದು ಗುಟುಕು ಕುಡಿದಿರಲಿಲ್ಲ, ಅದನ್ನು ಮೇಜಿನ ಆಚೆ ಜನರಲ್ ಎದುರಿಗೆ ಸರಿಸಿ ಇಟ್ಟರು.

"ಈಗ ನಾನು ನಿಮ್ಮ ಮನೆಗೆ ಬಂದ ಅತಿಥಿ ಅಂದುಕೊಳ್ಳಿ," ಎಂದರು.

ಎರಡು ಬಟ್ಟಲುಗಳ ಕಾಫಿ ಆರುತ್ತಾ ಇತ್ತು. ಹೆನ್ರಿಕ್ ನನ್ನ ಕಡೆ ತಿರುಗಿ, ಅಭ್ಯಾಸಬಲ ನೋಡಿ, ಬಿಸಿಯದು ತರಿಸು ಎಂದು ಬೆರಳಾಡಿಸಿದರು. ನಾನು ಕೆಲಸಕ್ಕೆ ಸೇರಿದಂದಿನಿಂದ ಮೇಲಧಿಕಾರಿಗೆ ಎದುರಾಡಿದವಳಲ್ಲ. ಅವತ್ತು ಕಣ್ಣು ಬಿಟ್ಟು ಗದರಿಸಿದೆ. ಪಾಪ, ಕೈ ಕೆಳಗಿಳಿಸಿಬಿಟ್ಟರು. ರಾಘವೇಂದ್ರ ಸ್ವಾಮಿಗಳಿಗೂ ಅಲ್ಲಾನಿಗೂ ಒಟ್ಟಿಗೇ ಹರಕೆ ಹೊತ್ತೆ.

ಕಡೆಗೆ ಜನರಲ್ ಹಾಜಿಯನ್ನು ಕೇಳಿದರು: "ಆಕೆಯ ಹೆಸರೇನು?"

"ಜೈನಬ್."

"ನಮ್ಮ ತಾಯಿಯ ತವರೂ ಆ ಕಡೆಯೇ. ನಿಮ್ಮ ಹಳ್ಳಿಯ ಬಾವಿಯ ಕಥೆ ಹೇಳುತ್ತಿದ್ದರು," ಎಂದರು ಜನರಲ್. ಆಮೇಲೆ ಬೂ ಸಾಲೆಂ ಕಡೆ ತಿರುಗಿ ಒಂದೇ ಮಾತು ಹೇಳಿದರು: "ಕುಡಿಯಿರಿ."

ಬೂ ಸಾಲೆಂ ಆ ತಣ್ಣಗಿನ ಕಾಫಿ ಕುಡಿದರು. ನಂತರ ಹಾಜಿ ನಕ್ಷೆಯ ಮೇಲಿನ ತಮ್ಮ ಬಟ್ಟಲನ್ನು ಎತ್ತಿ ಕುಡಿದರು. ಅರ್ಧ ಗಡ್ಡಕ್ಕೇ ಚೆಲ್ಲಿತು. ಸುಧಾಕರ ಗೋಡೆಗೆ ಮುಖ ಮಾಡಿ ಕಣ್ಣೊರೆಸಿಕೊಳ್ಳುತ್ತಿದ್ದ. ನಾನಂತೂ ಎಲ್ಲರೆದುರಿಗೇ ಅತ್ತೆ, ನಾಚಿಕೆಯೇನೂ ಆಗಲಿಲ್ಲ.

ಒಪ್ಪಂದದಲ್ಲಿ ಒಂದು ಸಾಲು ಸೇರಿತು: ವಾರಕ್ಕೆ ಒಂದು ದಿನ, ಬೆಳಿಗ್ಗೆಯಿಂದ ಸೂರ್ಯ ಮುಳುಗುವವರೆಗೆ, ಆ ಹಳ್ಳಿಯವರು ಪಾಸ್‌ಪೋರ್ಟ್ ಇಲ್ಲದೆ ಗೋರಿಗಳಿಗೆ ಹೋಗಿ ಬರಬಹುದು. ವಕೀಲರು ಅದಕ್ಕೆ ಉದ್ದುದ್ದ ಹೆಸರಿಟ್ಟರು. ಹೆನ್ರಿಕ್ ತಮ್ಮ ವರದಿಯಲ್ಲಿ ಸಭಾ ವ್ಯವಸ್ಥೆ ಉತ್ತಮವಾಗಿತ್ತು ಎಂದು ಬರೆದುಕೊಂಡರು. ಹೊರಡುವ ದಿನ ಹಾಜಿ ಪ್ಯಾಂಟ್ರಿಗೇ ಬಂದು ಸುಧಾಕರನ ಬೆನ್ನು ತಟ್ಟಿ ಏನೋ ಹೇಳಿದರು.

"ಎಂತ ಹೇಳಿದ್ರು ಅಕ್ಕ?" ಎಂದ ಸುಧಾಕರ.

"ನಿನ್ನ ಕಾಫಿ ಚೆನ್ನಾಗಿದೆ, ಸ್ವಲ್ಪ ನಿಧಾನ ಕಲಿ, ಅಂದ್ರು."

"ಹಾಗಾದ್ರೆ ಖಲಾಸ್, ಇನ್ನು ನನಗೆ ಯಾರ ಸರ್ಟಿಫಿಕೇಟೂ ಬೇಡ," ಎಂದು ನಕ್ಕ.

ಸಹಿ ಬಿತ್ತು, ಆದರೆ ಗಡಿ ತೆರೆಯಲಿಲ್ಲ. ತಂತಿ ತೆಗೆಯಬೇಕು, ನೆಲದಲ್ಲಿ ಹುಗಿದ ಸಿಡಿಮದ್ದು ಹುಡುಕಿ ತೆಗೆಯಬೇಕು, ಕಲ್ಲು ನೆಡಬೇಕು. ಅಷ್ಟರಲ್ಲಿ ನನ್ನ ನಿವೃತ್ತಿಯ ದಿನ ಬಂತು. ಹೂಗುಚ್ಛ, ಕೇಕು, ಭಾಷಣ ಆಯಿತು. ಈಗ ನಾನು ನಮ್ಮನೆಯವರ ವೀಸಾದ ಮೇಲೆ ಇಲ್ಲಿದ್ದೇನೆ. ಅವರ ಕಂಪನಿ ಇನ್ನೆಷ್ಟು ದಿನ ಇಟ್ಟುಕೊಳ್ಳುತ್ತದೋ ಅಷ್ಟು ದಿನ.

ಮಕ್ಕಳೇ, ಇದನ್ನು ನಿಮಗೆ ಯಾರೂ ಹೇಳುವುದಿಲ್ಲ. ನಾನು ಹೇಳುತ್ತೇನೆ. ಕೆಲಸ ಬಿಟ್ಟ ಮೇಲೆ ಸಂಬಳ ನೆನಪಾಗುವುದಿಲ್ಲ. ಜನ ಬರುವ ಮೊದಲಿನ ಖಾಲಿ ಹಾಲ್ ನೆನಪಾಗುತ್ತದೆ. ಮೇಜಿನ ಮೇಲೆ ಕೈಯಾಡಿಸಿ ಎಲ್ಲ ಸರಿಯಿದೆಯಾ ಎಂದು ನೋಡುತ್ತಿದ್ದ ಆ ಹೊತ್ತು. ಬಾಗಿಲಾಚೆ ಹೆಜ್ಜೆ ಸದ್ದು. ಇವತ್ತು ಇವರು ಮಾತಾಡುತ್ತಾರೋ, ಎದ್ದು ಹೋಗುತ್ತಾರೋ ಎಂಬ ಕಾತರ. ಮೆಟ್ರೋದಲ್ಲಿ ಆ ಕಡೆ ಹೋದಾಗ ಕೆಲಸವಿಲ್ಲದಿದ್ದರೂ ಆ ನಿಲ್ದಾಣದಲ್ಲಿ ಇಳಿಯುತ್ತೇನೆ. ಕಟ್ಟಡದ ಎದುರು ಸ್ವಲ್ಪ ಹೊತ್ತು ನಿಂತು ವಾಪಸ್ ಹತ್ತುತ್ತೇನೆ. ಒಳಗೆ ಬಿಡುವುದಿಲ್ಲ, ಕಾರ್ಡ್ ವಾಪಸ್ ಕೊಟ್ಟಾಗಿದೆ. ಹಾಜಿ ಹೋದರೋ ಇಲ್ಲವೋ ಎಂದು ಕೇಳಲೂ ನನಗೆ ಹಕ್ಕಿಲ್ಲ. ನಮ್ಮ ಕೆಲಸದಲ್ಲಿ ಕಥೆಯ ನಡುಭಾಗ ಮಾತ್ರ ನಮ್ಮ ಕಣ್ಣೆದುರಿಗೆ ನಡೆಯುವುದು. ನಮ್ಮನೆಯವರು ಒಂದು ದಿನ ಕೇಳಿಯೇಬಿಟ್ಟರು: "ಏನೇ, ಟೀವಿಯಲ್ಲಿ ಆ ದೇಶದ ಹೆಸರು ಬಂದ್ರೆ ಸಾಕು, ಒಲೆ ಮೇಲೆ ಹಾಲಿಟ್ಟು ಓಡಿ ಬರ್ತೀಯ. ಯಾರಿದ್ದಾರೆ ಅಲ್ಲಿ ನಿಂಗೆ?" ನಾನು ಹೋಗಿ ಉಕ್ಕಿದ ಹಾಲು ಒರೆಸಿದೆ.

ಕಳೆದ ತಿಂಗಳು ಹನಾನ್ ಫೋನ್ ಮಾಡಿದಳು. "ಯಲ್ಲಾ, ಹೊರಡು, ದೋಸೆ ತಿನ್ನೋಕೆ ಬಾ," ಎಂದಳು. ಅಲ್ ಮನ್ಸೂರಾದ ಹೋಟೆಲಿನಲ್ಲಿ ಕೂತೆವು. ದೋಸೆ ಬರುವ ಮೊದಲೇ ಹೇಳಿದಳು: "ಗಡಿ ತೆರೀತು ಪದ್ಮಿನಿ. ಹಾಜಿ ಮೊದಲ ದಿನವೇ ದಾಟಿದರು."

ನಾನು ಅವಳ ಕೈ ಹಿಡಿದುಕೊಂಡೆ.

"ಪೂರ್ತಿ ಕೇಳು. ಸೂರ್ಯ ಮುಳುಗಿತು, ಎಲ್ಲರೂ ವಾಪಸ್ ಬಂದರು. ಅವರು ಬರಲಿಲ್ಲ. ಗೋರಿಯ ಪಕ್ಕದಲ್ಲೇ ಕೂತುಬಿಟ್ಟರು. ಬಾಗಿಲ ಕಡೆಯ ಸೈನಿಕರು ಏಳಿ ಅಂದರು. ಏಳಲಿಲ್ಲ. ಕಿಟಕಿ ಕಡೆಯ ಅಧಿಕಾರಿ ಈಚೆಯಿಂದ ಕೂಗಿ ಕರೆದ. ಬರಲಿಲ್ಲ. 'ನಾನು ಯಾವ ದೇಶಕ್ಕೂ ಬಂದಿಲ್ಲ, ಇವಳ ಹತ್ತಿರ ಬಂದಿದ್ದೇನೆ' ಅಂದರಂತೆ."

"ಅಯ್ಯೋ! ಒಪ್ಪಂದ ಮುರಿದ ಹಾಗಾಯ್ತಲ್ಲ!" ಎಂದೆ. ನಿಜ ಹೇಳುತ್ತೇನೆ, ಹೆದರಿಕೆಯ ಜೊತೆಗೇ ನನ್ನೊಳಗೆ ಏನೋ ಜಿಗಿಯಿತು. "ಹಾಗಾದ್ರೆ ಮತ್ತೆ ಎಲ್ಲರೂ ಇಲ್ಲಿಗೆ ಬರ್ತಾರಾ? ಯಾವಾಗ? ಸುಧಾಕರನಿಗೆ ಗೊತ್ತಾ? ಬೂ ಸಾಲೆಂ ನನ್ನನ್ನ ಒಂದು ವಾರದ ಮಟ್ಟಿಗೆ ಕರೆಸಿಕೊಳ್ಳಬಹುದಲ್ವಾ?" ಮನಸ್ಸಿನಲ್ಲಿ ಆಗಲೇ ಯಾರನ್ನು ಎಲ್ಲಿ ಕೂರಿಸಬೇಕೆಂದು ಲೆಕ್ಕ ಹಾಕುತ್ತಿದ್ದೆ.

ಹನಾನ್ ತಲೆಯಾಡಿಸಿದಳು. "ಯಾರೂ ಬರ್ತಿಲ್ಲ. ಮರುದಿನ ಜನರಲ್ ಖುದ್ದಾಗಿ ಗುಡ್ಡಕ್ಕೆ ಹೋದರು. ಈ ಕಡೆಯಿಂದ ಅಧಿಕಾರಿಯೂ ಹೋದ. ಇಬ್ಬರೂ ಏನೋ ಮಾತಾಡಿಕೊಂಡರು. ಅಲ್ಲೊಂದು ಕುರುಬರ ಗುಡಿಸಲಿತ್ತಂತೆ, ಅದನ್ನ ಅವರಿಗೆ ಬಿಟ್ಟುಕೊಟ್ಟರು. ಹಳ್ಳಿಯವರು ವಾರ ವಾರ ಹಿಟ್ಟು ತಂದುಕೊಡ್ತಾರೆ, ಆ ಕಡೆಯ ಸೈನಿಕರು ದಿನಾ ನೀರು ಕೊಡ್ತಾರೆ. ಅಷ್ಟೇ, ಮುಗೀತು."

"ಮಧ್ಯಸ್ಥಿಕೆ ಯಾರು ಮಾಡಿದ್ದು?"

"ಯಾರೂ ಇಲ್ಲ. ಅವರೇ ಮಾಡಿಕೊಂಡರು. ದೋಹಾಕ್ಕೆ ಒಂದು ಫೋನೂ ಬರಲಿಲ್ಲ. ಬೂ ಸಾಲೆಮರಿಗೇ ಎಷ್ಟೋ ದಿನ ಆದ ಮೇಲೆ ಗೊತ್ತಾಗಿದ್ದು."

ದೋಸೆ ಬಂತು. ಹನಾನ್ ತಿಂದಳು, ನನಗೆ ಸೇರಲಿಲ್ಲ. ಹಾಜಿ ತಮ್ಮ ಜೈನಬ್ ಹತ್ತಿರ ಇದ್ದಾರೆ. ಗುಂಡು ಹಾರಿಸಿಕೊಳ್ಳುತ್ತಿದ್ದ ಎರಡು ದೇಶಗಳು ಒಬ್ಬ ಮುದುಕರನ್ನು ಹಂಚಿಕೊಂಡು ಸಾಕುತ್ತಿವೆ. ಇದಕ್ಕಿಂತ ದೊಡ್ಡ ಗೆಲುವು ನಮ್ಮ ಕೆಲಸದಲ್ಲಿ ಇನ್ನೇನಿದೆ? ಇಷ್ಟು ವರ್ಷ ನಾವು ದುಡಿದದ್ದೇ ಒಂದು ದಿನ ಅವರಿಗೆ ನಾವು ಬೇಡವಾಗಲಿ ಎಂದು.

ಬೇಡವಾದೆವು. ಮನೆಗೆ ಬಂದು ದೇವರಿಗೆ ದೀಪ ಹಚ್ಚಿದೆ. ಆಮೇಲೆ ಬಾಲ್ಕನಿಯಲ್ಲಿ ಕ್ಯಾಲೆಂಡರ್ ನೋಡುವ ಕೆಲಸವೇ ಇಲ್ಲದ ಹೆಂಗಸು ಕೂರುವ ಹಾಗೆ ಕೂತು, ಒಂದು ಸಲ, ಒಂದೇ ಒಂದು ಸಲ ನಮ್ಮನ್ನು ಕರೆಯಬಾರದಿತ್ತೇ ಎಂದು ಅತ್ತೆ.